ಅಪ್ಪನ ಸಿಡಿ ಹಳೇ ಪ್ಲೇಯರಿನಲ್ಲಿ ಹಾಡುತ್ತದೆ, ಕಂಪ್ಯೂಟರಿನಲ್ಲಿ ಟಕ್ ಟಕ್ ಅನ್ನುತ್ತದೆ. ಏನು ಮಾಡಲಿ?

ಬನಹಟ್ಟಿ ಮಗ್ಗ:

ಎಲ್ಲರಿಗೂ ನಮಸ್ಕಾರ. ನಾನು ಬನಹಟ್ಟಿಯವ. ಮನೆಯಲ್ಲೇ ಆರು ಪವರ್‌ಲೂಮ್ ಇವೆ. ಅಪ್ಪ ತೀರಿಕೊಂಡು ಬರುವ ಶ್ರಾವಣಕ್ಕೆ ಎರಡು ವರ್ಷ. ಅವರಿಗೆ ಹಾಡಿನ ಹುಚ್ಚು ಬಹಳ. ಸೀರೆ ವ್ಯಾಪಾರಕ್ಕೆ ಪುಣೆಗೆ ಹೋದಾಗಲೆಲ್ಲ ಒಂದೋ ಎರಡೋ ಸಿಡಿ ಚೀಲಕ್ಕೆ ಹಾಕಿಕೊಂಡು ಬರುತ್ತಿದ್ದರು. "ನೂಲಿನ ಬಾಕಿ ಕೊಡಾಕ ರೊಕ್ಕಿಲ್ಲ, ಇದಕ್ಕ ಅದಾವು" ಅಂತ ಅವ್ವ ಬೈಯುತ್ತಿದ್ದಳು. ಈಗ ಅದೇ ಅವ್ವ ಸಂಜೆಯಾದರೆ "ಅವರ ಹಾಡು ಹಚ್ಚೋ" ಅನ್ನುತ್ತಾಳೆ.

ಸೀರೆ ತುಂಬುವ ಒಂದು ರಟ್ಟಿನ ಡಬ್ಬಿಯಲ್ಲಿ ಒಟ್ಟು 63 ಡಿಸ್ಕ್ ಸಿಕ್ಕವು. ಎಲ್ಲವನ್ನೂ ಪೆನ್‌ಡ್ರೈವಿಗೆ ಹಾಕಿ ಅವ್ವನ ಸ್ಪೀಕರಿಗೆ ಚುಚ್ಚಿ ಕೊಡೋಣ ಅಂತ ಕೂತೆ. 54 ಸಲೀಸಾಗಿ ಬಂದವು. ನಾಲ್ಕು ಸತಾಯಿಸುತ್ತಿವೆ. ಉಳಿದ ಐದು ಅಪ್ಪನೇ ಪೆನ್ನಿನಲ್ಲಿ ಹೆಸರು ಬರೆದಿಟ್ಟ ಡಿಸ್ಕುಗಳು, ಅವನ್ನು ಆಮೇಲೆ ನೋಡಿದರಾಯಿತು ಅಂತ ಬದಿಗಿಟ್ಟಿದ್ದೇನೆ.

ಸತಾಯಿಸುವುದರಲ್ಲಿ ಒಂದು ಗಜಲ್ ಡಿಸ್ಕ್, 2004ರದ್ದು. ಅವ್ವ ಕೇಳುವುದು ಜಾಸ್ತಿ ಇದನ್ನೇ. ಅಪ್ಪನ ಹಳೇ ದುಂಡನೆಯ ಪ್ಲೇಯರಿನಲ್ಲಿ (ಮುಚ್ಚಳ ನಿಲ್ಲುವುದಿಲ್ಲ, ರಬ್ಬರ್ ಬ್ಯಾಂಡ್ ಹಾಕಿದ್ದೇನೆ) ಚೆಂದಾಗಿ ಹಾಡುತ್ತದೆ. ಕಂಪ್ಯೂಟರಿಗೆ ಹಾಕಿದರೆ ಹಾಡುಗಳೇ ಕಾಣುವುದಿಲ್ಲ. ಯಾವುದೋ ಒಂದು ಪ್ರೋಗ್ರಾಮ್ ಕಾಣುತ್ತದೆ, ನನ್ನನ್ನು ಇನ್‌ಸ್ಟಾಲ್ ಮಾಡು ಅನ್ನುತ್ತದೆ. ಬೇರೆ ಸಾಫ್ಟ್‌ವೇರಿನಿಂದ ಎಳೆದರೆ ಹಾಡು ಬಂತು, ಆದರೆ ತುಂಬಾ ಟಕ್ ಟಕ್ ಸದ್ದು. ಗೆಳೆಯನ ಹಳೇ ಕಾರಿನಲ್ಲಿ ಹಾಕಿದರೆ ಒಂದು ನಿಮಿಷ ಗಿರಗಿರ ತಿರುಗಿ ಹೊರಗೆ ಉಗುಳಿತು. ಕವರಿನ ಹಿಂದೆ ಇರುವೆಯಂಥ ಅಕ್ಷರದಲ್ಲಿ, ಕೆಲವು ಪ್ಲೇಯರುಗಳಲ್ಲಿ ಇದು ಹಾಡದೇ ಇರಬಹುದು ಅಂತ ಇಂಗ್ಲಿಷಿನಲ್ಲಿ ಬರೆದಿದ್ದಾರೆ. ಹಾಡಲಿಕ್ಕೇ ಅಲ್ವಾ ಮಾರಿದ್ದು?

ಫೋನನ್ನು ಸ್ಪೀಕರ್ ಮುಂದೆ ಹಿಡಿದು ರೆಕಾರ್ಡ್ ಮಾಡಿಯೂ ನೋಡಿದೆ. ಗಜಲಿಗಿಂತ ಮಗ್ಗದ ಖಟ ಖಟವೇ ಜಾಸ್ತಿ ಬಂತು. ಗೊತ್ತಿದ್ದವರು ದಾರಿ ಹೇಳಿ.

ಕ್ಯಾಂಪ್ ಹುಡುಗ, ಬೆಳಗಾವಿ:

ಅಣ್ಣಾ, ಇಷ್ಟೆಲ್ಲ ಯಾಕೆ? ಆ್ಯಪಿನಲ್ಲಿ ಹುಡುಕಿದರೆ ಎಲ್ಲ ಗಜಲೂ ಸಿಗುತ್ತವೆ. ತಿಂಗಳಿಗೆ ನೂರು ಚಿಲ್ಲರೆ ರೂಪಾಯಿ. ನಮ್ಮ ಮನೆಯಲ್ಲಿ ಸಿಡಿ ಡ್ರೈವೇ ಇಲ್ಲ.

ಬನಹಟ್ಟಿ ಮಗ್ಗ:

ಹುಡುಕಿದೆ ತಮ್ಮಾ. ಅದೇ ಹಾಡುಗಾರರ ಅದೇ ಗಜಲ್ ಸಿಕ್ಕಿತು, ಆದರೆ ಸ್ಟುಡಿಯೋದ್ದು. ಇದು ಮೆಹಫಿಲ್‌ನಲ್ಲಿ ಹಾಡಿದ್ದು. ನಡುವೆ ಒಬ್ಬ ಯಾರೋ ಜೋರಾಗಿ "ವಾಹ್" ಅನ್ನುತ್ತಾನೆ, ಅವ್ವ ಅಲ್ಲಿಗೆ ಬಂದಾಗ ನಗುತ್ತಾಳೆ. ಆ್ಯಪಿನದ್ದು ಹಚ್ಚಿದರೆ "ಇದು ಅದಲ್ಲ" ಅಂದಳು. ಅವಳ ಮುಂದೆ ಏನು ವಾದ ಮಾಡುವುದು.

ಗುಮ್ಮಟದ ನೆರಳು, ವಿಜಯಪುರ:

ಬನಹಟ್ಟಿ ಸರ್, ನಿಮ್ಮ ಡಿಸ್ಕ್ ಕೆಟ್ಟಿಲ್ಲ. ಅದಕ್ಕೆ ಬೀಗ ಹಾಕಿದ್ದಾರೆ. ಈ ಜಾತಿಯ ಡಿಸ್ಕುಗಳ ಜೊತೆ ನಾನು ಬಹಳ ಗುದ್ದಾಡಿದ್ದೇನೆ. 1996ರಿಂದ 2010ರವರೆಗೆ ಗಾಂಧಿ ಚೌಕದ ಹತ್ತಿರ ನನ್ನದೊಂದು ಕ್ಯಾಸೆಟ್ ಅಂಗಡಿ ಇತ್ತು. ಈಗ ಅಲ್ಲಿ ಮೊಬೈಲ್ ಕವರ್ ಮಾರುತ್ತಾರೆ.

ಮೊದಲು ಬೀಗದ ಕಥೆ. ಸಿಡಿಯ ನಿಯಮಗಳನ್ನು ಫಿಲಿಪ್ಸ್ ಮತ್ತು ಸೋನಿ ಕೂಡಿ 1980ರಲ್ಲಿ ಮಾಡಿದರು. ಡಿಸ್ಕ್ ಮಾರುಕಟ್ಟೆಗೆ ಬಂದದ್ದು 1982ರಲ್ಲಿ. ಅದರಲ್ಲಿ ಬೀಗದ ಮಾತೇ ಇಲ್ಲ. ಯಾಕೆ ಇರಬೇಕು? ಒಂದು ಡಿಸ್ಕಿನಲ್ಲಿ 650 ಎಂಬಿ ಹಾಡು, ಆಗಿನ ಒಳ್ಳೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕೇ 10 ಎಂಬಿ. ಕದಿಯುವವನಿಗೆ ಇಟ್ಟುಕೊಳ್ಳಲು ಜಾಗವೇ ಇರಲಿಲ್ಲ. ಮುಂದೆ ಮನೆಮನೆಗೆ ಸಿಡಿ ಬರೆಯುವ ರೈಟರ್ ಬಂತು, ಎಂಪಿ3 ಬಂತು, ಕಂಪನಿಗಳಿಗೆ ನಿದ್ದೆ ಹೋಯಿತು. ಆದರೆ ಅಷ್ಟೊತ್ತಿಗೆ ಕೋಟಿಗಟ್ಟಲೆ ಪ್ಲೇಯರುಗಳು ಜನರ ಮನೆ ಸೇರಿದ್ದವು. ಅವುಗಳಲ್ಲೂ ಹಾಡಬೇಕು, ಕಂಪ್ಯೂಟರಿನಲ್ಲಿ ಮಾತ್ರ ಹಾಡಬಾರದು. ಅಂಥ ಬೀಗ ಹೇಗೆ ಮಾಡುವುದು? ಡಿಸ್ಕನ್ನೇ ಸ್ವಲ್ಪ ಕೆಡಿಸಿ ಮಾಡಿದರು. ಸುಮ್ನೆ ಹೇಳುತ್ತಿಲ್ಲ, ನಿಜವಾಗಿ ಅದೇ.

ಒಂದು ಬಗೆ ಹೀಗೆ. ಡಿಸ್ಕಿನಲ್ಲಿ ಎರಡು ಭಾಗ ಇರುತ್ತವೆ. ಒಳಸುತ್ತಿನಲ್ಲಿ ಹಾಡು, ಹೊರಸುತ್ತಿನಲ್ಲಿ ಕಂಪ್ಯೂಟರ್ ಫೈಲು. ಮನೆಯ ಹಾಡಿನ ಪ್ಲೇಯರಿಗೆ ಮೊದಲನೇ ಭಾಗ ಬಿಟ್ಟು ಬೇರೆ ಕಾಣುವುದಿಲ್ಲ. ಕಂಪ್ಯೂಟರ್ ಡ್ರೈವ್ ಕೊನೆಯ ಭಾಗವನ್ನೇ ಮೊದಲು ಓದುತ್ತದೆ. ಹಾಗಾಗಿ ನಿಮಗೆ ಹಾಡಿನ ಬದಲು ಪ್ರೋಗ್ರಾಮ್ ಕಂಡಿತು. ಡಿಸ್ಕನ್ನು ಟ್ಯೂಬ್‌ಲೈಟ್ ಕೆಳಗೆ ಓರೆ ಮಾಡಿ ಹಿಡಿಯಿರಿ, ಹೊರಗಿನ ಅಂಚಿನ ಹತ್ತಿರ ಬಳೆಯ ಹಾಗೆ ಒಂದು ಗೆರೆ ಕಾಣಬೇಕು.

ಟಕ್ ಟಕ್ ಸದ್ದಿಗೆ ಇನ್ನೊಂದು ಕಾರಣ. ಸಿಡಿಯಲ್ಲಿ ಗೀರು ಬಿದ್ದರೂ ಹಾಡು ನಿಲ್ಲದಂತೆ ತಪ್ಪು ತಿದ್ದುವ ಲೆಕ್ಕವನ್ನು ಒಳಗೇ ಇಟ್ಟಿರುತ್ತಾರೆ. ತಿದ್ದಲು ಆಗದಿದ್ದರೆ ಪ್ಲೇಯರ್ ಹಿಂದಿನ ಸ್ವರ ಮುಂದಿನ ಸ್ವರ ನೋಡಿ ನಡುವಿನದ್ದನ್ನು ಊಹೆ ಮಾಡಿ ತುಂಬುತ್ತದೆ. ಕಿವಿಗೆ ಗೊತ್ತೇ ಆಗುವುದಿಲ್ಲ. ಬೀಗದವರು ಬೇಕಂತಲೇ ಇಂಥ ತಪ್ಪುಗಳನ್ನು ಬಿತ್ತಿದರು. ಪ್ಲೇಯರ್ ಊಹೆ ಮಾಡಿ ದಾಟುತ್ತದೆ, ಕಂಪ್ಯೂಟರ್ ಇದ್ದದ್ದನ್ನು ಇದ್ದ ಹಾಗೆ ಓದಿ ಟಕ್ ಅನ್ನುತ್ತದೆ. ಇದರಲ್ಲಿ ಕೇಳುಗನಿಗೆ ಒಂದು ಒಳಪೆಟ್ಟು ಇದೆ, ಅದನ್ನು ಯಾರೂ ಹೇಳಲಿಲ್ಲ. ಆ ತಿದ್ದುವ ಲೆಕ್ಕ ಇರುವುದು ಗೀರಿಗೆ, ಧೂಳಿಗೆ. ಅದನ್ನು ಹೊಸ ಡಿಸ್ಕಿನಲ್ಲೇ ಖರ್ಚು ಮಾಡಿಬಿಟ್ಟರೆ ಮುಂದೆ ನಿಜವಾದ ಗೀರು ಬಿದ್ದ ದಿನ ಉಳಿದಿರುವುದೇನು? ಹಾಗಾಗಿ ಬೇರೆ ಡಿಸ್ಕ್ ತಡೆದುಕೊಳ್ಳುವ ಗೀರಿಗೆ ಇವು ಬೇಗ ಸೋಲುತ್ತವೆ.

ಕಾರಿನದ್ದಂತೂ ಕೇಳಬೇಡಿ. ಎಂಪಿ3 ಹಾಡುವ ಕಾರ್ ಪ್ಲೇಯರಿನ ಒಳಗಿರುವುದು ಕಂಪ್ಯೂಟರ್ ಜಾತಿಯ ಡ್ರೈವೇ. ಅದಕ್ಕೂ ಬೀಗ ಬಿತ್ತು. 2004ರ ಸುಮಾರಿಗೆ ಒಬ್ಬ ಗಿರಾಕಿ, ಇಂಡಿ ಕಡೆಯ ದ್ರಾಕ್ಷಿ ಬೆಳೆಗಾರರು, ಹೊಸ ಕಾರ್ ತಗೊಂಡ ಖುಷಿಯಲ್ಲಿ ನನ್ನ ಹತ್ತಿರ ಮೂರು ಒರಿಜಿನಲ್ ಡಿಸ್ಕ್ ಒಯ್ದರು. ಮರುದಿನ ವಾಪಸ್. ಕೌಂಟರಿನ ಮೇಲೆ ಒಂದು ಡಿಸ್ಕ್ ಇಟ್ಟರು, ಪಕ್ಕದಲ್ಲಿ ಕಿಸೆಯಿಂದ ಇನ್ನೊಂದು ತೆಗೆದಿಟ್ಟರು. ಅದು ಬಸ್‌ಸ್ಟ್ಯಾಂಡ್ ಹೊರಗೆ ಹಾಸಿಕೊಂಡು ಮಾರುವ ನಕಲಿ, ಪ್ಲಾಸ್ಟಿಕ್ ಚೀಲದಲ್ಲಿ ಝೆರಾಕ್ಸ್ ಚೀಟಿ. "ಏನ್ರೀ ಅಣ್ಣಾರ, ನಿಮ್ಮದಕ್ಕ ಮುನ್ನೂರೈವತ್ತು ಕೊಟ್ಟೀನಿ, ಹಾಡವಲ್ದು. ಇದಕ್ಕ ಮೂವತ್ತು ಕೊಟ್ಟೀನಿ, ನೂರೈವತ್ತು ಹಾಡು ಹಾಡತೈತಿ. ನಾ ಏನು ತಪ್ಪು ಮಾಡೀನಿ ಹೇಳ್ರಿ." ನನಗೆ ಉತ್ತರ ತೋಚಲಿಲ್ಲ. ರೊಕ್ಕ ವಾಪಸ್ ಕೊಟ್ಟೆ. ಸೀಲು ಒಡೆದ ಡಿಸ್ಕನ್ನು ವಿತರಕ ವಾಪಸ್ ತಗೊಳ್ಳಲಿಲ್ಲ, ಹಾಡುತ್ತದೆಯಲ್ಲ ಅಂದ. ಅಂಥ 11 ಡಿಸ್ಕ್ ನನ್ನ ತಲೆಗೆ ಬಿದ್ದವು. ಆ ನಕಲಿ ಮಾರುವವನಿಗೆ ಈ ಬೀಗದಿಂದ ಒಂದು ದಿನವೂ ವ್ಯಾಪಾರ ನಿಲ್ಲಲಿಲ್ಲ, ಅದನ್ನು ನಾನು ದಿನಾ ಅಂಗಡಿಗೆ ಹೋಗುವಾಗ ನೋಡುತ್ತಿದ್ದೆ.

ಇನ್ನೊಂದು ಕೆಲಸ ಮಾಡಿ. ಕವರಿನ ಮೇಲೆ 'ಕಾಂಪ್ಯಾಕ್ಟ್ ಡಿಸ್ಕ್' ಅನ್ನುವ ಮುದ್ರೆ ಇದೆಯಾ ನೋಡಿ. ಬೀಗದ ಡಿಸ್ಕ್ ನಿಯಮ ಮುರಿಯುತ್ತದೆ, ಅದರ ಮೇಲೆ ಈ ಮುದ್ರೆ ಹಾಕುವಂತಿಲ್ಲ ಅಂತ ಫಿಲಿಪ್ಸ್‌ನವರೇ 2002ರ ಹೊತ್ತಿಗೆ ತಕರಾರು ತೆಗೆದಿದ್ದರು.

ಆ ಪ್ರೋಗ್ರಾಮನ್ನು ಮಾತ್ರ ದಯವಿಟ್ಟು ಇನ್‌ಸ್ಟಾಲ್ ಮಾಡಬೇಡಿ. ನಿಮ್ಮ ಡಿಸ್ಕಿನಲ್ಲಿರುವುದು ಬೇರೆಯದೇ ಇರಬಹುದು. ಆದರೆ 2005ರ ಗಲಾಟೆ ನೆನಪಿದ್ದವರು ಯಾರೂ ಹೂಂ ಅನ್ನುವುದಿಲ್ಲ. ಅಮೆರಿಕದಲ್ಲಿ ಸೋನಿ ಬಿಎಂಜಿ ಅನ್ನುವ ಹಾಡಿನ ಕಂಪನಿ 52 ಆಲ್ಬಮ್‌ಗಳಲ್ಲಿ ಎಕ್ಸ್‌ಸಿಪಿ ಅನ್ನುವ ಬೀಗ ಹಾಕಿತ್ತು. ಅದು ವಿಂಡೋಸ್ ಒಳಗೆ ಹೊಕ್ಕು ತನ್ನನ್ನು ತಾನೇ ಅಡಗಿಸಿಕೊಳ್ಳುತ್ತಿತ್ತು. ಮಾರ್ಕ್ ರುಸಿನೋವಿಚ್ ಅನ್ನುವ ಕಂಪ್ಯೂಟರ್ ಪಂಡಿತರು ಅಕ್ಟೋಬರ್ 31ರಂದು ಅದನ್ನು ಬಯಲು ಮಾಡಿದರು. ಹೆಸರಿನ ಮೊದಲಿಗೆ ಒಂದು ಗುರುತು ಇದ್ದ ಯಾವ ಫೈಲನ್ನಾದರೂ ಅದು ಮುಚ್ಚಿಡುತ್ತಿತ್ತು. ಅಂದರೆ ವೈರಸ್ ಬರೆಯುವವರೂ ಅದೇ ಗುರುತು ಹಾಕಿ ಅದರ ಸೆರಗಿನಲ್ಲಿ ಕೂರಬಹುದಿತ್ತು, ಕೂತರು ಕೂಡ. ಕಿತ್ತು ಹಾಕಲು ಹೋದರೆ ಸಿಡಿ ಡ್ರೈವೇ ಕಾಣೆಯಾಗುತ್ತಿತ್ತು. ಕಂಪನಿ ಕೊಟ್ಟ ತೆಗೆಯುವ ಸಾಧನ ಇನ್ನೊಂದು ಕಂಡಿ ಕೊರೆಯಿತು. ಎರಡೇ ವಾರದಲ್ಲಿ ಡಿಸ್ಕುಗಳನ್ನು ವಾಪಸ್ ಕರೆದರು. ಗಮನಿಸಿ, ಈ ಕಾಟ ಬಂದದ್ದು ಯಾರಿಗೆ? ಅಂಗಡಿಗೆ ಹೋಗಿ ದುಡ್ಡು ಕೊಟ್ಟವರಿಗೆ.

ನಿಮ್ಮ ಇನ್ನು ಮೂರು ಡಿಸ್ಕಿಗೆ ಬೇರೆ ರೋಗ ಇರಬಹುದು. ಬಿಸಿಲಿಗೆ ಹಿಡಿದು ನೋಡಿ. ಸೂಜಿಯಿಂದ ಚುಚ್ಚಿದ ಹಾಗೆ ಬೆಳಕು ತೂರಿ ಬಂದರೆ ಒಳಗಿನ ಅಲ್ಯೂಮಿನಿಯಂ ಪದರ ಹೋಗಿದೆ, ಅದಕ್ಕೆ ಮದ್ದಿಲ್ಲ. ಯಾವ ಪ್ಲೇಯರಿಗೆ ಹಾಕಿದರೂ ಒಂದೇ ಕಡೆ ಜಿಗಿದರೆ ಅದು ಗೀರು. ಗೀರು ಹೊಳೆಯುವ ಕಡೆಗಿದ್ದರೆ ಪರವಾಗಿಲ್ಲ, ಅಲ್ಲಿ ಒಂದು ಮಿಲಿಮೀಟರಿಗೂ ಜಾಸ್ತಿ ಪ್ಲಾಸ್ಟಿಕ್ ಇದೆ. ಹೆಸರು ಅಚ್ಚಾಗಿರುವ ಮೇಲ್ಭಾಗದ್ದೇ ಅಪಾಯ, ಅದರ ಕೆಳಗೇ ಹಾಡಿನ ಪದರ. ಜನ ಇದನ್ನು ಉಲ್ಟಾ ತಿಳಿದಿರುತ್ತಾರೆ.

ಮಾರ್ಕರ್ ಮಾಮಾ, ಜಮಖಂಡಿ:

ಕಪ್ಪು ಸ್ಕೆಚ್ ಪೆನ್ನಿನಿಂದ ಡಿಸ್ಕಿನ ಹೊರ ಅಂಚಿಗೆ ಗೀಚಿದರೆ ಬೀಗ ಬಿಡುತ್ತದೆ ಅಂತ ಆಗ ಪೇಪರಿನಲ್ಲಿ ಬಂದಿತ್ತಲ್ಲ? ಕೋಟಿ ಖರ್ಚಿನ ಬೀಗಕ್ಕೆ ಐದು ರೂಪಾಯಿ ಕೀಲಿ ಅಂತ ನಾವು ಕಾಲೇಜಿನಲ್ಲಿ ನಕ್ಕಿದ್ದೆವು.

ಗುಮ್ಮಟದ ನೆರಳು, ವಿಜಯಪುರ:

ಬಂದಿತ್ತು, 2002ರಲ್ಲಿ. ಸುಳ್ಳೂ ಅಲ್ಲ. ಹೊರಸುತ್ತಿನ ಆ ಸುಳ್ಳು ಭಾಗ ಮುಚ್ಚಿದರೆ ಡ್ರೈವ್ ಗತಿಯಿಲ್ಲದೆ ಹಾಡನ್ನೇ ಓದುತ್ತದೆ. 2003ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಒಬ್ಬ ವಿದ್ಯಾರ್ಥಿ ಇನ್ನೂ ಸುಲಭದ್ದು ತೋರಿಸಿದ, ಅದು ಬೇರೆ ಬೀಗಕ್ಕೆ. ಡಿಸ್ಕ್ ಹಾಕುವಾಗ ಶಿಫ್ಟ್ ಕೀಲಿ ಒತ್ತಿ ಹಿಡಿದರೆ ಸಾಕು. ಬೀಗ ಮಾಡಿದ ಕಂಪನಿ ಅವನ ಮೇಲೆ ಕೇಸ್ ಹಾಕುತ್ತೇನೆ ಅಂದಿತು. ಶಿಫ್ಟ್ ಒತ್ತಿದ್ದಕ್ಕೆ ಕೇಸ್! ಮರುದಿನ ಹಿಂದೆ ಸರಿಯಿತು.

ಆದರೆ ಪೆನ್ನಿನ ಉಸಾಬರಿ ಬೇಡ. ನನ್ನ ಆ 11ರಲ್ಲಿ ಎರಡರ ಮೇಲೆ ಕೈ ಮಾಡಿ ನೋಡಿದ್ದೆ. ಒಂದು ಬಂತು. ಇನ್ನೊಂದರಲ್ಲಿ ಕೈ ನಡುಗಿ ಕೊನೆಯ ಹಾಡಿನ ಬಾಲ ಹೋಯಿತು. ಅಂಗಡಿಯ ಹುಡುಗ ಒರೆಸಿ ಕೊಡುತ್ತೇನೆ ಅಂತ ಅವರ ಅಕ್ಕನ ನೈಲ್ ಪಾಲಿಶ್ ತೆಗೆಯುವ ದ್ರಾವಣ ತಂದು ತಿಕ್ಕಿದ. ಪ್ಲಾಸ್ಟಿಕ್ ಬೆಳ್ಳಗೆ ಮಂಜು ಕವಿದ ಹಾಗಾಯಿತು. ಮುಗೀತು ಕಥೆ.

ಬನಹಟ್ಟಿ ಮಗ್ಗ:

ಸರ್, ನಿಮ್ಮ ಮಾತು ಓದಿ ನಾಲ್ಕನ್ನೂ ನೋಡಿದೆ. ಗಜಲ್ ಡಿಸ್ಕಿನಲ್ಲಿ ಬಳೆ ಗೆರೆ ಕಂಡಿತು. ಕವರ್ ತಿರುವಿ ಮರುವಿ ನೋಡಿದೆ, ಕಾಂಪ್ಯಾಕ್ಟ್ ಡಿಸ್ಕ್ ಮುದ್ರೆ ಎಲ್ಲೂ ಇಲ್ಲ. ಬಾಕಿ ಎಲ್ಲ ಕವರುಗಳ ಮೇಲೂ ಇದೆ. ಉಳಿದ ಮೂರರಲ್ಲಿ ಎರಡಕ್ಕೆ ಗೀರು, ಒಂದರಲ್ಲಿ ಚುಕ್ಕೆ ಚುಕ್ಕೆ ಬೆಳಕು ಬರುತ್ತದೆ.

ಇನ್ನು ಒಂದು ಹೆದರಿಕೆ. ಅಪ್ಪ ದುಡ್ಡು ಕೊಟ್ಟು ತಂದ ಡಿಸ್ಕನ್ನು ನಾನು ಅವ್ವನಿಗೆ ಪೆನ್‌ಡ್ರೈವಿಗೆ ಹಾಕಿ ಕೊಟ್ಟರೆ ಕಾನೂನಿನಲ್ಲಿ ತಪ್ಪಾಗುತ್ತದಾ?

ಕರಿಕೋಟು, ಬೆಳಗಾವಿ:

ವಕೀಲಿ ಮಾಡುವವನು ನಾನು, ಫೀ ಬೇಡ. 1957ರ ಕಾಪಿರೈಟ್ ಕಾಯ್ದೆಯ 52ನೇ ಕಲಮಿನಲ್ಲಿ ಖಾಸಗಿ ಅಥವಾ ಸ್ವಂತ ಬಳಕೆಗೆ ನ್ಯಾಯವಾಗಿ ಉಪಯೋಗಿಸುವುದು ಉಲ್ಲಂಘನೆ ಅಲ್ಲ ಅಂತ ಇದೆ. ಬೀಗದ ಬಗ್ಗೆ 2012ರ ತಿದ್ದುಪಡಿಯಲ್ಲಿ 65ಎ ಸೇರಿಸಿದರು. ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿದವನಿಗೆ ಎರಡು ವರ್ಷದವರೆಗೆ ಜೈಲು ಮತ್ತು ದಂಡ. ಉದ್ದೇಶ ಅನ್ನುವ ಪದ ಮುಖ್ಯ. ಕಾಯ್ದೆ ಬೇಡ ಅನ್ನದ ಕೆಲಸಕ್ಕೆ ಈ ಕಲಮು ಅಡ್ಡ ಬರುವುದಿಲ್ಲ ಅಂತ ಅಲ್ಲೇ ಮುಂದೆ ಬರೆದಿದ್ದಾರೆ. ನಿಮ್ಮ ಅವ್ವ ಮನೆಯಲ್ಲಿ ಕೇಳುವುದಕ್ಕೆ ನಾನಾದರೆ ಹೆದರುವುದಿಲ್ಲ. ಅದನ್ನೇ ಹತ್ತು ಪೆನ್‌ಡ್ರೈವಿಗೆ ಹಾಕಿ ಸಂತೆಯಲ್ಲಿ ಮಾರಿದರೆ ಆಗ ನನಗೆ ಫೀ ಕೊಡಬೇಕಾಗುತ್ತದೆ.

ಗುಮ್ಮಟದ ನೆರಳು, ವಿಜಯಪುರ:

ಹಾಗಾದರೆ ಬೀಗ ಮುರಿಯುವುದೇ ಬೇಡ, ಬಾಗಿಲು ಬಿಟ್ಟು ಕಿಟಕಿಯಿಂದ ಹೋಗೋಣ. ನಿಮ್ಮ ದುಂಡನೆಯ ಪ್ಲೇಯರ್ ಹಾಡುತ್ತದೆ ತಾನೆ? ಅದರ ಇಯರ್‌ಫೋನ್ ತೂತಿನಿಂದ ಒಂದು ಆಕ್ಸ್ ವೈರ್ ಎಳೆದು ಲ್ಯಾಪ್‌ಟಾಪಿಗೆ ಕೊಡಿ. ಲ್ಯಾಪ್‌ಟಾಪಿನ ಒಂಟಿ ತೂತು ನಡೆಯುವುದಿಲ್ಲ, ಅದು ಮೈಕಿನದ್ದು, ಎಡಬಲ ಎರಡೂ ಕೂಡಿ ಒಂದೇ ಆಗುತ್ತದೆ. ಲೈನ್-ಇನ್ ಅಂತ ಬರೆದಿರುವ ಯುಎಸ್‌ಬಿ ಸೌಂಡ್ ಕಾರ್ಡ್ ತಗೊಳ್ಳಿ. ಅಡಾಸಿಟಿ ಅನ್ನುವ ಪುಕ್ಕಟೆ ಸಾಫ್ಟ್‌ವೇರ್ ಹಾಕಿ, ಸ್ಯಾಂಪಲ್ ರೇಟ್ (ಸೆಕೆಂಡಿಗೆ ಸದ್ದನ್ನು ಎಷ್ಟು ಸಲ ಅಳೆಯಬೇಕು ಅನ್ನುವುದು) 44100, ಸ್ಟೀರಿಯೋ ಅಂತ ಆಯ್ಕೆ ಮಾಡಿ. ಪ್ಲೇಯರಿನ ಬಾಸ್ ಬೂಸ್ಟ್ ಬಂದ್ ಮಾಡಿ. ಆ್ಯಂಟಿ ಶಾಕ್ ಗುಂಡಿ (ಅದುರಿದರೂ ಹಾಡು ಜಿಗಿಯದಂತೆ ತಡೆಯುವುದು) ಇದ್ದರೆ ಅದನ್ನೂ ಬಂದ್ ಮಾಡಿ, ಕೆಲವು ಪ್ಲೇಯರುಗಳು ಅದರಲ್ಲಿ ಹಾಡನ್ನು ಹಿಂಡಿ ಸಣ್ಣದು ಮಾಡುತ್ತವೆ. ಸದ್ದಿನ ಮುಳ್ಳು ಕೆಂಪಿಗೆ ಹೋಗಬಾರದು, ಸ್ವಲ್ಪ ಕೆಳಗೇ ಇರಲಿ. ಒಂದು ಗಂಟೆಯ ಹಾಡಿಗೆ ಒಂದು ಗಂಟೆ ಕೂರಬೇಕು, ಅದಕ್ಕೆ ಅಡ್ಡದಾರಿ ಇಲ್ಲ. ಕ್ಯಾಸೆಟ್ ಕಾಲದಲ್ಲಿ ನಾವು ಹಾಗೇ ಕೂರುತ್ತಿದ್ದೆವು.

ಗುಂಯ್ ಅನ್ನುವ ಸದ್ದು ಬಂದರೆ ಚಾರ್ಜರ್ ಕಿತ್ತುಬಿಡಿ, ಸಾಮಾನ್ಯವಾಗಿ ಹೋಗುತ್ತದೆ.

ಆದರೆ ಇದಕ್ಕಿಂತ ಮೊದಲು ಬೇರೆ ಕೆಲಸ ಇದೆ. ನೀವು ಬದಿಗಿಟ್ಟಿದ್ದೀರಲ್ಲ, ಅಪ್ಪ ಪೆನ್ನಿನಲ್ಲಿ ಹೆಸರು ಬರೆದ ಐದು? ಅವು ಮನೆಯಲ್ಲಿ ಬರೆದುಕೊಂಡ ಡಿಸ್ಕುಗಳು. ಅಂಗಡಿಯ ಡಿಸ್ಕಿನಲ್ಲಿ ಹಾಡನ್ನು ಅಚ್ಚು ಒತ್ತಿರುತ್ತಾರೆ. ಮನೆಯ ಡಿಸ್ಕಿನಲ್ಲಿ ಬಣ್ಣದ ಪದರವನ್ನು ಲೇಸರ್ ಸುಟ್ಟಿರುತ್ತದೆ. ಆ ಬಣ್ಣ ಬಿಸಿಲಿಗೆ, ಶಾಖಕ್ಕೆ ಮಾಸುತ್ತದೆ. ನಮ್ಮ ಕಡೆಯ ಏಪ್ರಿಲ್ ಮೇ ಹೇಗಿರುತ್ತದೆ ನಿಮಗೇ ಗೊತ್ತು. ಗಜಲಿನದ್ದು ಇನ್ನೊಂದು ಪ್ರತಿ ಎಲ್ಲಾದರೂ ಸಿಕ್ಕೀತು. ಇವುಗಳದ್ದು ಸಿಗುವುದಿಲ್ಲ. ಇವತ್ತೇ ಮಾಡಿ.

ಬನಹಟ್ಟಿ ಮಗ್ಗ:

ಸರ್ರ, ಹತ್ತು ದಿನ ಆಯಿತು, ಬರೆಯಲು ತಡವಾಯಿತು.

ನೀವು ಹೇಳಿದ ರಾತ್ರಿಯೇ ಆ ಐದನ್ನು ಹಾಕಿದೆ. ಎರಡರ ಮೇಲೆ 'ಭಜನಿ' ಅಂತ ಬರೆದಿತ್ತು. ನಮ್ಮ ಓಣಿಯ ಗುಡಿಯಲ್ಲಿ ಅಪ್ಪನ ಗೆಳೆಯರು ಹಾಡಿದ್ದು, ಯಾರದೋ ಟೇಪಿನಿಂದ ಅಪ್ಪ ಸಿಡಿ ಮಾಡಿಸಿದ್ದಾರೆ. ಒಂದರ ಮೇಲೆ 'ಪಾರಿಜಾತ, ಲೋಕಾಪುರ, 2006'. ರಾತ್ರಿಯಿಡೀ ನಡೆದ ಕೃಷ್ಣ ಪಾರಿಜಾತದ ಆಟದಲ್ಲಿ ಅರ್ಧ ತಾಸಿನಷ್ಟು ಇದೆ. ಈ ಮೂರೂ ಐದಾರು ನಿಮಿಷಕ್ಕೆ ಒಂದರಂತೆ ಸಲೀಸಾಗಿ ಬಂದವು. ನಾಲ್ಕನೆಯದು ಅರ್ಧ ಬಂದು ನಿಂತಿತು. ಅರ್ಧ ಆದರೂ ಬಂತಲ್ಲ. ಐದನೆಯದು ಖಾಲಿ, ಅಥವಾ ಖಾಲಿ ಆಗಿದೆ. ಅದರ ಮೇಲೆ ಅಪ್ಪ ಬರೆದದ್ದು ಬರೀ 'ಮನಿ' ಅಂತ. ಅದರಲ್ಲಿ ಏನಿತ್ತು ಅಂತ ಅವ್ವನಿಗೂ ಗೊತ್ತಿಲ್ಲ. ಅದನ್ನು ಎಸೆದಿಲ್ಲ.

ಗಜಲಿಗೆ ಪಟ್ಟ ಪಾಡು ಬೇರೆ. ಆ್ಯಂಟಿ ಶಾಕ್ ಬಂದ್ ಮಾಡಿ ಕೂತರೆ ಮಗ್ಗದ ಅದುರಿಗೆ ಡಿಸ್ಕ್ ಜಿಗಿಯುತ್ತದೆ. ನಮ್ಮ ಮನೆಯಲ್ಲಿ ನೆಲವೇ ನಡುಗುತ್ತದಲ್ಲ. ದಿಂಬಿನ ಮೇಲೆ ಇಟ್ಟೆ, ತೊಡೆಯ ಮೇಲೆ ಇಟ್ಟೆ, ಆಗಲಿಲ್ಲ. ಮೊನ್ನೆ ಮಧ್ಯಾಹ್ನ ಕರೆಂಟ್ ಹೋಯಿತು. ಆರೂ ಮಗ್ಗ ನಿಂತವು, ಓಣಿಯ ಮಗ್ಗಗಳೂ ನಿಂತವು. ಪ್ಲೇಯರಿಗೆ ಎರಡು ಸೆಲ್ ಇವೆ, ಲ್ಯಾಪ್‌ಟಾಪ್ ಬ್ಯಾಟರಿ ಮೇಲಿದೆ, ಗುಂಯ್ ಸದ್ದೂ ಇಲ್ಲ. ಓಡಿ ಹೋಗಿ ವೈರ್ ಚುಚ್ಚಿದೆ. 62 ನಿಮಿಷದ ಡಿಸ್ಕ್. ಕರೆಂಟ್ ಬರಬಾರದು ಅಂತ ದೇವರಿಗೆ ಬೇಡಿಕೊಂಡದ್ದು ಹುಟ್ಟಿದಾಗಿನಿಂದ ಇದೇ ಮೊದಲು. 50ನೇ ನಿಮಿಷಕ್ಕೆ ಬಂದುಬಿಟ್ಟಿತು. ಮಗ್ಗ ಹಚ್ಚಲು ಹೊರಟ ಕೆಲಸದವರನ್ನು ಅವ್ವ ಬಾಗಿಲಲ್ಲೇ ತಡೆದಳು. "ಚಾ ಕುಡದ ಹೋಗ್ರಿ, ಏನು ಅವಸರ" ಅಂತ ಕೂರಿಸಿದಳು. ಹನ್ನೆರಡು ನಿಮಿಷ ಚಹಾ ಕುಡಿದರು.

ಪೂರ್ತಿ ಬಂತು. ಟಕ್ ಟಕ್ ಇಲ್ಲ. "ವಾಹ್" ಅನ್ನುವವನೂ ಬಂದಿದ್ದಾನೆ.

ಗೀರು ಬಿದ್ದ ಎರಡು ಡಿಸ್ಕ್ ಇನ್ನೂ ಬಾಕಿ. ಅವಕ್ಕೆ ಟೂತ್‌ಪೇಸ್ಟ್ ತಿಕ್ಕು ಅನ್ನುತ್ತಾನೆ ಕಾರಿನ ಗೆಳೆಯ. ಗುಮ್ಮಟ ಸರ್, ತಿಕ್ಕಲೋ ಬೇಡವೋ?

ಗುಮ್ಮಟದ ನೆರಳು, ವಿಜಯಪುರ:

ಮೊದಲು ಬರೀ ನೀರಿನಲ್ಲಿ ತೊಳೆದು, ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ಸುತ್ತ ತಿಕ್ಕಬೇಡಿ. ಆಮೇಲೆ ಬೇರೆ ಡ್ರೈವಿನಲ್ಲಿ ಹಾಕಿ ನೋಡಿ, ಒಂದು ಓದದ್ದನ್ನು ಇನ್ನೊಂದು ಓದುತ್ತದೆ. ಪೇಸ್ಟು ಕಟ್ಟಕಡೆಗೆ. ಅದೂ ಬಿಳೀ ಪೇಸ್ಟು, ಜೆಲ್ ಅಲ್ಲ.